ಕೊಳವೆಬಾವಿ ನೀರಿನ ಊರಿನಲ್ಲಿ ಮಗುವಿನ ಹಲ್ಲು ಕಾಯುವ ಬಗೆ

ಚಿಂತಾಮಣಿಯಲ್ಲಿರುವ ನನ್ನ ಹಲ್ಲಿನ ಚಿಕಿತ್ಸಾಲಯಕ್ಕೆ ಮಕ್ಕಳನ್ನು ಕರೆತರುವ ತಾಯಂದಿರು ಮೊದಲು ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ನಮ್ಮೂರ ನೀರೇ ಸರಿಯಿಲ್ಲ ಡಾಕ್ಟ್ರೇ, ಅದಕ್ಕೇ ಮಗೂ ಹಲ್ಲು ಹಾಳಾಗೋಯ್ತು.’ ಎಂಟು ವರ್ಷದ ಹುಡುಗಿಯ ಹೊಸ ಬಾಚಿಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದ್ದರೆ ಆ ಮಾತು ಬಹುಪಾಲು ನಿಜ. ಆದರೆ ಮೂರು ವರ್ಷದ ಕೂಸಿನ ಮುಂದಿನ ಹಲ್ಲುಗಳು ಕಪ್ಪಾಗಿ ಬುಡದವರೆಗೆ ಸವೆದುಹೋಗಿದ್ದರೆ ಅದರಲ್ಲಿ ನೀರಿನ ತಪ್ಪಿಲ್ಲ. ಮೊದಲನೆಯದು ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿ ಹೊಟ್ಟೆಗೆ ಹೋಗಿ ಹಲ್ಲಿಗೆ ಬೀಳುವ ಕಲೆ; ಎರಡನೆಯದು ಹುಳುಕು. ಇವೆರಡನ್ನೂ ಒಂದೇ ಎಂದು ಭಾವಿಸಿ, ಫ್ಲೋರೈಡ್ ಎಂಬ ಹೆಸರಿಗೇ ಹೆದರಿ ಮಗುವಿಗೆ ಪೇಸ್ಟ್ ಹಚ್ಚುವುದನ್ನು ನಿಲ್ಲಿಸಿ, ಅದೇ ಮಗುವಿಗೆ ಕೊಳವೆಬಾವಿಯ ನೀರಿನಲ್ಲಿ ರಾಗಿ ಸರಿ ಕಾಯಿಸಿ ಕೊಡುತ್ತಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ಅಂಥ ಮನೆಯ ಮಗುವಿಗೆ ಎರಡು ತೊಂದರೆಗಳೂ ಬರುತ್ತವೆ.

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಮುಂತಾದ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದಿರುವ ಸಂಗತಿ. ಕೆರೆ ಬತ್ತಿ, ತೆರೆದ ಬಾವಿ ಒಣಗಿ, ಕೊಳವೆಬಾವಿಗಳು ಆಳಕ್ಕೆ ಇಳಿದಂತೆ, ಗ್ರಾನೈಟ್ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ನಮ್ಮ ಪಾಲಿಗೆ ಬಂದಿದೆ. ಆದ್ದರಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮಗುವಿನ ಹಲ್ಲಿನ ಆರೈಕೆಯನ್ನು ಬ್ರಷ್‌ನಿಂದ ಶುರುಮಾಡುವುದಕ್ಕಿಂತ ಬಿಂದಿಗೆಯಿಂದ ಶುರುಮಾಡುವುದು ಸರಿ ಎಂದು ನನ್ನ ಅಭಿಪ್ರಾಯ.

ಮೊದಲು ನೀರು

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು; ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಇದು ತಿಳಿಯುವುದಿಲ್ಲ. ನಮ್ಮ ಕಡೆ ‘ನೀರು ಸಿಹಿಯಾಗಿದೆ’ ಎಂದು ಹೊಗಳಿಸಿಕೊಳ್ಳುವ ಬೋರ್‌ವೆಲ್‌ನಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು, ಒಂದೇ ಊರಿನ ಎರಡು ಬೋರ್‌ವೆಲ್‌ಗಳ ಪ್ರಮಾಣ ಬೇರೆಬೇರೆಯಾಗಿರಬಹುದು. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವ ಕಿಟ್ ಇದೆಯೇ ಎಂದು ವಿಚಾರಿಸಿ; ಇಲ್ಲದಿದ್ದರೆ ಜಿಲ್ಲಾ ಕೇಂದ್ರದಲ್ಲಿರುವ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಒಂದು ಲೀಟರ್ ನೀರನ್ನು ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಟ್ಟು ಬನ್ನಿ. ಮನೆಯಲ್ಲಿ ಗರ್ಭಿಣಿಯೋ ಹಸುಗೂಸೋ ಇರುವಾಗಲೇ ಈ ಕೆಲಸ ಮುಗಿಸಿದರೆ ಮೇಲು, ಏಕೆಂದರೆ ಮಗುವಿನ ಶಾಶ್ವತ ಬಾಚಿಹಲ್ಲುಗಳು ಏಳನೇ ವರ್ಷದಲ್ಲಿ ಹೊರಗೆ ಕಾಣಿಸಿಕೊಂಡರೂ ದವಡೆಯ ಮೂಳೆಯೊಳಗೆ ಅವು ಗಟ್ಟಿಯಾಗಲು ತೊಡಗುವುದು ಮಗುವಿಗೆ ಮೂರು ನಾಲ್ಕು ತಿಂಗಳಾದಾಗ. ಅಂದಿನಿಂದ ಸುಮಾರು ಎಂಟು ವರ್ಷದವರೆಗೆ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ ಒಳಗೇ ರೂಪುಗೊಳ್ಳುತ್ತಿರುವ ಎನಾಮೆಲ್ಲನ್ನು, ಅಂದರೆ ಹಲ್ಲಿನ ಗಟ್ಟಿ ಹೊರಪದರವನ್ನು, ಕೆಡಿಸುತ್ತದೆ. ಕಲೆ ಕಣ್ಣಿಗೆ ಬೀಳುವ ಹೊತ್ತಿಗೆ ಅದಕ್ಕೆ ಕಾರಣವಾದ ನೀರು ಕುಡಿದು ಐದಾರು ವರ್ಷ ಕಳೆದಿರುತ್ತದೆ.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಕ್ಯಾಂಡಲ್ ಫಿಲ್ಟರ್‌ನಿಂದಲೂ ಪ್ರಯೋಜನವಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವಲ್ಲ, ಆ ಆರ್‌ಒ ನೀರು ಸರಿಯಾದ ದಾರಿ. ಆದರೆ ಘಟಕದಲ್ಲಿ ನೀರು ಸೋಸುವ ತೆಳು ಪೊರೆ (ಮೆಂಬ್ರೇನ್) ಹಳೆಯದಾಗಿದ್ದರೆ ಅದೂ ಕೈಕೊಡುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಆ ನೀರನ್ನೂ ಪರೀಕ್ಷಿಸಿ ಎಂದು ಪಂಚಾಯಿತಿಯನ್ನು ಕೇಳುವುದು ತಪ್ಪೇನಲ್ಲ. ಛಾವಣಿಯಿಂದ ಶುಭ್ರವಾಗಿ ಹಿಡಿದಿಟ್ಟ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಇಲ್ಲಿ ಬಹುತೇಕ ಮನೆಗಳಲ್ಲಿ ಒಂದು ಚಿಕ್ಕ ಎಡವಟ್ಟು ನಡೆಯುತ್ತದೆ. ಕ್ಯಾನಿನ ಆರ್‌ಒ ನೀರು ಕುಡಿಯುವುದಕ್ಕೆ ಮಾತ್ರ, ಅಡುಗೆಗೆ ನಲ್ಲಿ ನೀರು ಎಂದು ವಿಭಾಗ ಮಾಡಿಕೊಂಡಿರುತ್ತಾರೆ. ಅನ್ನ, ಬೇಳೆ, ಮುದ್ದೆಯ ಎಸರು, ಸಾರು ಎಲ್ಲವೂ ನೀರನ್ನು ಹೀರಿಕೊಂಡೇ ಬೇಯುವುದರಿಂದ ಫ್ಲೋರೈಡ್ ತಟ್ಟೆಯ ಮೂಲಕ ಒಳಗೆ ಹೋಗುತ್ತದೆ. ಇಡೀ ಮನೆಯ ಅಡುಗೆಗೆ ಕ್ಯಾನ್ ನೀರು ಸಾಲದಿದ್ದರೂ ಎಂಟು ವರ್ಷದೊಳಗಿನ ಮಕ್ಕಳ ಸರಿ, ಗಂಜಿ, ಹಾಲಿಗಾದರೂ ಅದನ್ನೇ ಬಳಸಿ. ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ ಬೋರ್‌ವೆಲ್ ನೀರೇ ಸಾಕು. ಚರ್ಮದ ಮೂಲಕ ಫ್ಲೋರೈಡ್ ಹಲ್ಲಿಗೆ ಹೋಗುವುದಿಲ್ಲ. ಟೀ ಸೊಪ್ಪಿನಲ್ಲಿಯೂ ಫ್ಲೋರೈಡ್ ಇದೆ, ಹಾಗಾಗಿ ಮೂರು ವರ್ಷದ ಮಗುವಿಗೆ ಲೋಟದ ತಳದಲ್ಲಿ ಟೀ ಉಳಿಸಿ ಕೊಡುವ ತಾತಂದಿರ ಪ್ರೀತಿಯನ್ನು ಸ್ವಲ್ಪ ಹತೋಟಿಯಲ್ಲಿಡಬೇಕು.

ಈಗಾಗಲೇ ಕಲೆ ಬಿದ್ದಿದ್ದರೆ ಇಟ್ಟಿಗೆ ಪುಡಿ, ಬೂದಿ, ಉಪ್ಪು, ನಿಂಬೆಹುಳಿ ಹಾಕಿ ತಿಕ್ಕಬೇಡಿ. ಕಲೆ ಇರುವುದು ಎನಾಮೆಲ್ಲಿನ ಒಳಗೆ. ತಿಕ್ಕಿದರೆ ಎನಾಮೆಲ್ ಸವೆದು ಹಲ್ಲು ಜುಮ್ಮೆನ್ನುತ್ತದೆ, ಕಲೆ ಅಲ್ಲೇ ಇರುತ್ತದೆ. ಮಗು ದೊಡ್ಡದಾದ ಮೇಲೆ ದಂತವೈದ್ಯರು ಮೇಲ್ಪದರವನ್ನು ಹಗುರವಾಗಿ ನಯಗೊಳಿಸಿ ಅಥವಾ ಹಲ್ಲಿನ ಬಣ್ಣದ ಸಿಮೆಂಟ್ ಹಚ್ಚಿ ಅದನ್ನು ಮರೆಮಾಡಬಲ್ಲರು.

ಹಾಗಾದರೆ ಪೇಸ್ಟ್ ಬೇಡವೇ?

ಬೇಕು. ಫ್ಲೋರೈಡ್ ಹಲ್ಲಿನ ಮೇಲ್ಮೈಗೆ ತಾಗಿದರೆ ಎನಾಮೆಲ್ಲನ್ನು ಗಟ್ಟಿಮಾಡುತ್ತದೆ, ಎಳೆಯ ವಯಸ್ಸಿನಲ್ಲಿ ಹೆಚ್ಚಾಗಿ ಹೊಟ್ಟೆಗಿಳಿದರೆ ತೊಂದರೆ ಕೊಡುತ್ತದೆ. ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದಲ್ಲಿ ಮಾರುವ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದೆಂಬ ನಿಯಮವಿದ್ದು, ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಿರುತ್ತಾರೆ. 1000 ಪಿಪಿಎಂ ಎಂದರೆ ಒಂದು ಗ್ರಾಂ ಪೇಸ್ಟಿಗೆ ಒಂದು ಮಿಲಿಗ್ರಾಂ. ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ ತೂಗುತ್ತದೆ; ಮಗು ಅದನ್ನು ಪೂರ್ತಿ ನುಂಗಿದರೂ ಒಳಗೆ ಹೋಗುವುದು 0.1 ಮಿಲಿಗ್ರಾಂ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನು ಒಂದು ಲೋಟ, ಅಂದರೆ 200 ಮಿಲಿಲೀಟರ್ ಕುಡಿದರೆ ಹೋಗುವುದು 0.4 ಮಿಲಿಗ್ರಾಂ. ಹೆದರಬೇಕಾದದ್ದು ಯಾವುದಕ್ಕೆ ಎಂಬುದು ಇದರಿಂದ ತಿಳಿಯುತ್ತದೆ.

ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ಬ್ರಷ್‌ನ ಉದ್ದಕ್ಕೂ ಹಾವಿನಂತೆ ಸುರಿಯುತ್ತಾರೆ. ಅಷ್ಟು ಬಳಸಿದರೆ ಟ್ಯೂಬ್ ಬೇಗ ಮುಗಿಯುತ್ತದೆ ಎಂಬುದಷ್ಟೇ ಅದರ ಪ್ರಯೋಜನ. ಪೇಸ್ಟನ್ನು ದೊಡ್ಡವರೇ ಹಚ್ಚಿಕೊಡಬೇಕು, ಟ್ಯೂಬ್ ಮಗುವಿನ ಕೈಗೆ ಸಿಗದ ಗೂಡಿನಲ್ಲಿರಬೇಕು, ಏಕೆಂದರೆ ಸ್ಟ್ರಾಬೆರಿ ರುಚಿಯ ಪೇಸ್ಟನ್ನು ಮಕ್ಕಳು ಮಿಠಾಯಿಯಂತೆ ನೆಕ್ಕುತ್ತಾರೆ. ಆರ್‌ಒ ನೀರು ಸಿಗದ, ಫ್ಲೋರೈಡ್ ಮಿತಿಮೀರಿದ ಊರಿನಲ್ಲಿದ್ದು ಮಗುವಿಗೆ ಉಗುಳಲು ಇನ್ನೂ ಬಾರದಿದ್ದರೆ ಯಾವ ಪೇಸ್ಟ್ ಎಂಬುದನ್ನು ದಂತವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಿ. ಅಲ್ಲಿಯವರೆಗೆ ಉಜ್ಜುವುದನ್ನು ನಿಲ್ಲಿಸದೆ, ಉಜ್ಜಿದ ಮೇಲೆ ಬಾಯಿಯ ನೊರೆಯನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಿರಿ.

ಮೊದಲ ವರ್ಷ

ಹಲ್ಲು ಮೂಡುವ ಮುನ್ನವೇ ಬಾಯಿ ಒರೆಸುವ ರೂಢಿ ಶುರುವಾಗಲಿ. ಕೂಸಿಗೆ ಎಣ್ಣೆನೀರು ಹಾಕುವ ಅಜ್ಜಿ, ಸ್ನಾನ ಮುಗಿದ ಮೇಲೆ ಶುಭ್ರವಾದ ಮೆತ್ತನೆಯ ಬಟ್ಟೆಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ ಬೆರಳಿಗೆ ಸುತ್ತಿ ವಸಡನ್ನು ಒಮ್ಮೆ ಒರೆಸಿದರೆ ಸಾಕು. ಬಾಯೊಳಗೆ ಬೆರಳು ಬರುವುದು ಮಗುವಿಗೆ ಅಭ್ಯಾಸವಾದರೆ ಮುಂದೆ ಬ್ರಷ್ ಬಂದಾಗ ಜಗಳ ಕಡಿಮೆ.

ಸುಮಾರು ಆರು ತಿಂಗಳಿಗೆ ಕೆಳಗಿನ ಎರಡು ಬಾಚಿಹಲ್ಲು ಮೂಡುತ್ತವೆ. ವರ್ಷ ತುಂಬುವವರೆಗೂ ಕಾಯಬಹುದು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ಮಾತು ನಮ್ಮ ಕಡೆ ಇದೆ. ಅಂಥ ಹಲ್ಲಿನೊಂದಿಗೆ ಬೆಳೆದ ಸೋದರಳಿಯಂದಿರ ಮಾವಂದಿರು ಆರೋಗ್ಯವಾಗಿದ್ದಾರೆ. ಅದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: ಭೇದಿ, ಜ್ವರ ಬಂದರೆ ‘ಹಲ್ಲು ಬರ್ತಿದೆ, ಅದಕ್ಕೇ’ ಎಂದು ಸುಮ್ಮನಿರುವುದು. ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ವಸಡು ನವೆಯಾಗುತ್ತದೆ, ಮಗು ಕಿರಿಕಿರಿ ಮಾಡುತ್ತದೆ. ಆದರೆ ನೀರಿನಂಥ ಭೇದಿಗೂ ಕಾಯುವ ಜ್ವರಕ್ಕೂ ಬೇರೆ ಕಾರಣವಿರುತ್ತದೆ. ಓಆರ್‌ಎಸ್ ಕುಡಿಸುತ್ತಾ ಮಗುವನ್ನು ಆಸ್ಪತ್ರೆಗೆ ತೋರಿಸಬೇಕು.

ಕಳೆದ ವರ್ಷ ಎರಡೂವರೆ ವರ್ಷದ ಒಬ್ಬ ಹುಡುಗನನ್ನು ಅವನ ಅವ್ವ ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದರು. ತುಟಿ ಎತ್ತಿ ನೋಡಿದರೆ ಮೇಲಿನ ನಾಲ್ಕು ಬಾಚಿಹಲ್ಲುಗಳು ಕರಗಿದ ಸೀಮೆಸುಣ್ಣದ ತುಂಡುಗಳಂತೆ ಕಂದಾಗಿ ಉಳಿದಿದ್ದವು; ಕೆಳಗಿನ ಹಲ್ಲುಗಳು ಮಾತ್ರ ಮುತ್ತಿನಂತಿದ್ದವು. ಆ ವ್ಯತ್ಯಾಸವೇ ಕಾರಣ ಹೇಳುತ್ತಿತ್ತು. ಬಾಟ್ಲಿ ಬಾಯಲ್ಲಿಟ್ಟುಕೊಂಡು ನಿದ್ದೆಹೋದ ಮಗುವಿನ ನಾಲಗೆ ಕೆಳಗಿನ ಹಲ್ಲುಗಳನ್ನು ಮುಚ್ಚಿಕೊಂಡಿರುತ್ತದೆ, ಸಕ್ಕರೆ ಬೆರೆತ ಹಾಲು ಮೇಲಿನ ಹಲ್ಲುಗಳ ಸುತ್ತ ರಾತ್ರಿಯಿಡೀ ನಿಂತಿರುತ್ತದೆ. ನಿದ್ದೆಯಲ್ಲಿ ಎಂಜಲು ಊರುವುದು ಕಡಿಮೆಯಾಗುವುದರಿಂದ ಅದನ್ನು ತೊಳೆಯುವವರಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಹುಳಿಯಾಗಿಸುತ್ತವೆ, ಹುಳಿ ಎನಾಮೆಲ್ಲನ್ನು ಕರಗಿಸುತ್ತದೆ. ಹುಳುಕು ಎಂದು ಕರೆದರೂ ಅಲ್ಲಿ ಹುಳುವೇನೂ ಇರುವುದಿಲ್ಲ.

ಬಾಟ್ಲಿಯನ್ನು ಒಂದೇ ದಿನ ಕಿತ್ತುಕೊಂಡರೆ ಇಡೀ ಓಣಿಗೆ ನಿದ್ದೆಯಿಲ್ಲ. ಮೊದಲು ಸಕ್ಕರೆ ಬಿಡಿಸಿ. ಆಮೇಲೆ ಎರಡು ದಿನಕ್ಕೊಮ್ಮೆ ಮಲಗುವ ಹೊತ್ತಿನ ಬಾಟ್ಲಿಗೆ ಮಾತ್ರ ಹಾಲು ಸ್ವಲ್ಪ ಕಡಿಮೆ ಮಾಡಿ ನೀರು ಸ್ವಲ್ಪ ಹೆಚ್ಚು ಮಾಡುತ್ತಾ ಹೋದರೆ ಹತ್ತು ಹನ್ನೆರಡು ದಿನಕ್ಕೆ ಬರೀ ನೀರು ಉಳಿಯುತ್ತದೆ, ಮಗುವೇ ಅದನ್ನು ಬಿಸಾಡುತ್ತದೆ. ಮಗುವಿಗೆ ಬೇಕಾದ ಹಾಲನ್ನು ಹಗಲಿನಲ್ಲಿ ಲೋಟದಲ್ಲಿ ಕುಡಿಸಿ; ವರ್ಷ ತುಂಬಿದ ಮಗುವಿಗೆ ಲೋಟದಲ್ಲಿ ಕುಡಿಯಲು ಬರುತ್ತದೆ. ಎದೆಹಾಲನ್ನು ಇದಕ್ಕಾಗಿ ನಿಲ್ಲಿಸಬೇಕಿಲ್ಲ. ಹಲ್ಲು ಬಂದ ಮೇಲೆ ರಾತ್ರಿ ಮಲಗಿಸುವ ಮುನ್ನ ಹಲ್ಲು ಶುಭ್ರವಾಗಿರಲಿ, ರಾತ್ರಿ ಕುಡಿಸಿದಾಗ ಆದಷ್ಟು ಒರೆಸಿ. ನಿಪ್ಪಲ್ಲಿಗೆ ಜೇನುತುಪ್ಪ ಸವರುವುದು ಬೇಡವೇ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಜೇನು ಹಲ್ಲಿನ ಮಾತಿರಲಿ, ಪ್ರಾಣಕ್ಕೇ ಅಪಾಯ ತರಬಲ್ಲದು.

ತಿಂಗಳಿಗೊಮ್ಮೆ ಮಗುವಿನ ಮೇಲ್ತುಟಿ ಎತ್ತಿ, ಬೆಳಕಿಗೆ ಹಿಡಿದು, ವಸಡಿನ ಅಂಚನ್ನು ನೋಡಿ. ಅಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ದಂತವೈದ್ಯರಿಂದ ಹಲ್ಲಿನ ಮೇಲೆ ಫ್ಲೋರೈಡ್ ಲೇಪ (ವಾರ್ನಿಷ್) ಹಚ್ಚಿಸಿ, ಉಜ್ಜುವುದನ್ನು ಸರಿಪಡಿಸಿದರೆ ಅದನ್ನು ಅಲ್ಲೇ ತಡೆಯಬಹುದು. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ‘ಸುಮ್ಮನಿರು, ಇಲ್ಲಾಂದ್ರೆ ಡಾಕ್ಟ್ರು ಸೂಜಿ ಚುಚ್ತಾರೆ’ ಎಂದು ಮನೆಯಲ್ಲಿ ಹೆದರಿಸಿ ಕರೆತಂದ ಮಗುವಿನ ಬಾಯಿ ತೆರೆಸಲು ನನಗೆ ಅರ್ಧ ಗಂಟೆ ಬೇಕಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಉಜ್ಜುವ ರೀತಿ

ಮಗುವಿನ ಎದುರಿಗೆ ಕುಳಿತು ಉಜ್ಜಲು ಹೋದರೆ ಅದು ತಲೆ ತಿರುಗಿಸುತ್ತದೆ, ನಿಮಗೆ ಹಿಂದಿನ ಹಲ್ಲು ಕಾಣುವುದಿಲ್ಲ. ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಮಗುವನ್ನು ಅಂಗಾತ ಮಲಗಿಸಿ, ಅದರ ತಲೆ ನಿಮ್ಮ ಮಡಿಲಲ್ಲಿ ಬರುವಂತೆ, ಅದರ ಕಾಲು ನಿಮ್ಮ ಪಾದದ ಕಡೆಗಿರುವಂತೆ ಮಾಡಿಕೊಳ್ಳಿ. ಎಡಗೈಯ ಬೆರಳಿನಿಂದ ತುಟಿ, ಕೆನ್ನೆಯನ್ನು ಸರಿಸಿದರೆ ಇಡೀ ಬಾಯಿ ಕಾಣುತ್ತದೆ. ಚಿಕ್ಕ ತಲೆಯ ಮೆತ್ತನೆಯ ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವಲ್ಲಿ ಸ್ವಲ್ಪ ಓರೆಯಾಗಿಟ್ಟು, ರಂಗೋಲಿಯ ಚುಕ್ಕಿಯ ಸುತ್ತ ಸುರುಳಿ ಎಳೆದಂತೆ ಸಣ್ಣಸಣ್ಣ ಸುತ್ತು ತಿರುಗಿಸಿ. ಹೊರಮೈ ಮುಗಿಸಿ ಒಳಮೈ, ಕೊನೆಗೆ ಅಗಿಯುವ ಮೇಲ್ಮೈ. ಎರಡು ನಿಮಿಷ ಬೇಕು. ಗಡಿಯಾರ ನೋಡುವ ಬದಲು ಒಂದು ಶಿಶುಗೀತೆಯನ್ನು ಎರಡು ಮೂರು ಸಲ ಹೇಳಿಕೊಳ್ಳಿ. ಗೀತೆ ಮುಗಿದರೆ ಉಜ್ಜುವುದೂ ಮುಗಿಯುತ್ತದೆ ಎಂದು ಮಗುವಿಗೆ ಗೊತ್ತಾದ ಮೇಲೆ ಅರಚಾಟ ಅರ್ಧಕ್ಕಿಳಿಯುತ್ತದೆ.

ನಮ್ಮಲ್ಲಿ ಹಲ್ಲುಜ್ಜುವುದು ಮುಖ ತೊಳೆಯುವುದರ ಒಂದು ಭಾಗ, ಅದೂ ಬೆಳಿಗ್ಗೆ ಮಾತ್ರ. ಮೇಲೆ ಹೇಳಿದಂತೆ ರಾತ್ರಿ ಎಂಜಲು ಬತ್ತುವುದರಿಂದ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ನಾನು ರಾತ್ರಿಯನ್ನು ಆರಿಸುತ್ತೇನೆ. ರಾತ್ರಿಯ ಊಟವಾಗಿ ಧಾರಾವಾಹಿ ಶುರುವಾಗುವ ಮುನ್ನವೇ ಉಜ್ಜಿಸಿಬಿಡಿ, ಏಕೆಂದರೆ ಧಾರಾವಾಹಿ ಮುಗಿಯುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಆಮೇಲೆ ನೀರು ಬಿಟ್ಟು ಬೇರೇನೂ ಬೇಡ.

ಏಳೆಂಟು ವರ್ಷದವರೆಗೆ ಕೊನೆಯ ಸುತ್ತನ್ನು ದೊಡ್ಡವರೇ ಉಜ್ಜಬೇಕು. ತನ್ನ ಶೂ ಲೇಸನ್ನು ತಾನೇ ಕಟ್ಟಿಕೊಳ್ಳಲಾರದ ಕೈಗೆ ಹಿಂದಿನ ದವಡೆ ಹಲ್ಲು ಎಟುಕುವುದಿಲ್ಲ. ಮೂರು ವರ್ಷದ ಹೊತ್ತಿಗೆ ಉಗುಳುವುದನ್ನು ಕಲಿಸಿ. ಅಂಗಳದ ತುಳಸಿಗೋ ದಾಸವಾಳಕ್ಕೋ ನೀರು ಉಗುಳುವ ಆಟ ಎರಡು ದಿನದಲ್ಲಿ ಕಲಿಸಿಬಿಡುತ್ತದೆ. (ತುಳಸಿಗೆ ಉಗುಳಿಸಿದಿರಿ ಎಂದು ಅಜ್ಜಿ ಬೈದರೆ ದಾಸವಾಳವೇ ಆಗಲಿ.) ಬೇವಿನಕಡ್ಡಿ ದೊಡ್ಡವರಿಗೆ ಇರಲಿ, ಮಗುವಿನ ವಸಡನ್ನು ಅದು ಗೀರುತ್ತದೆ. ಇದ್ದಿಲು, ಕೆಂಪು ಹಲ್ಲುಪುಡಿ ಎನಾಮೆಲ್ಲನ್ನು ಸವೆಸುತ್ತವೆ. ಹೊಗೆಸೊಪ್ಪು ಬೆರೆಸಿದ ಪುಡಿ ಮನೆಯಲ್ಲಿದ್ದರೆ ಮಗುವಿನ ಕಣ್ಣಿಗೂ ಬೀಳಬಾರದು.

ತಿಂಡಿ

ಸಿಹಿ ಎಷ್ಟು ತಿಂದಿತು ಎನ್ನುವುದಕ್ಕಿಂತ ಎಷ್ಟು ಸಲ ತಿಂದಿತು ಎನ್ನುವುದು ಹಲ್ಲಿಗೆ ಮುಖ್ಯ. ಪ್ರತಿ ಸಲ ಸಿಹಿ ಬಾಯಿಗೆ ಹೋದಾಗಲೂ ಅರ್ಧ ಗಂಟೆಗೂ ಹೆಚ್ಚು ಕಾಲ ಬಾಯಿ ಹುಳಿಯಾಗಿರುತ್ತದೆ. ಯುಗಾದಿಯಂದು ಊಟದೊಂದಿಗೆ ಎರಡು ಒಬ್ಬಟ್ಟು ತಿಂದ ಮಗುವಿಗಿಂತ, ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಮೆಲ್ಲುತ್ತಾ ಓಡಾಡಿದ ಮಗುವಿನ ಹಲ್ಲಿಗೆ ಹೆಚ್ಚು ಏಟು ಬೀಳುತ್ತದೆ. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ, ನಿಜ. ಬ್ಯಾಕ್ಟೀರಿಯಾಗೆ ಬೆಲ್ಲವೂ ಸಕ್ಕರೆಯೇ, ಕಮರಕಟ್ಟು ಹಲ್ಲಿನ ಗುಳಿಗಳಲ್ಲಿ ಅಂಟಿ ಕೂರುತ್ತದೆ. ನಡುಹೊತ್ತಿನ ಹಸಿವಿಗೆ ಬೇಯಿಸಿದ ಕಡಲೆಕಾಯಿ, ಸೌತೆಕಾಯಿ, ಮೊಸರು, ಅವರೆ ಕಾಲದಲ್ಲಿ ಬೆಂದ ಅವರೆಕಾಳು ಕೊಡಬಹುದು. ಶ್ರೀನಿವಾಸಪುರದ ಮಾವಿನಹಣ್ಣನ್ನು ಯಾರೂ ಬಿಡಬೇಕಿಲ್ಲ, ಹಣ್ಣನ್ನು ಹಣ್ಣಾಗಿಯೇ ತಿನ್ನಲಿ, ಸಕ್ಕರೆ ಬೆರೆಸಿದ ಜ್ಯೂಸ್ ಆಗಿ ಅಲ್ಲ. ಶಾಲೆಯಲ್ಲಿ ಹಾಲು ಕುಡಿದ ಮೇಲೆ ಬಾಯಿಗೆ ನೀರು ಹಾಕಿ ಮುಕ್ಕಳಿಸುವುದನ್ನು ಶಿಕ್ಷಕರು ಹೇಳಿಕೊಟ್ಟರೆ ಇಡೀ ತರಗತಿ ಕಲಿಯುತ್ತದೆ.

ಆರನೇ ವರ್ಷದ ಹಲ್ಲು

ನನ್ನದೇ ಒಂದು ತಪ್ಪನ್ನು ಹೇಳಬೇಕು. ನನ್ನ ಮಗನಿಗೆ ಆರು ತುಂಬಿದಾಗ ಮುಂದಿನ ಹಲ್ಲು ಅಲ್ಲಾಡುತ್ತಿರುವುದನ್ನೇ ಮನೆಮಂದಿಯೆಲ್ಲ ನೋಡುತ್ತಿದ್ದೆವು. ಅದೇ ಹೊತ್ತಿಗೆ ಹಿಂದೆ, ಕೊನೆಯ ಹಾಲುಹಲ್ಲಿನ ಆಚೆ, ಯಾವ ಹಲ್ಲೂ ಬೀಳದೆಯೇ ಶಾಶ್ವತ ದವಡೆ ಹಲ್ಲೊಂದು ಮೂಡಿತ್ತು. ಊರ ಮಕ್ಕಳ ಬಾಯಿ ನೋಡುವ ನಾನು ಮಗನ ಬಾಯಿ ನೋಡಿದ್ದು ಎಂಟು ತಿಂಗಳ ಮೇಲೆ, ಅಷ್ಟರಲ್ಲಿ ಅದರ ಗುಳಿಯಲ್ಲಿ ಕಪ್ಪು ಚುಕ್ಕಿ ಬಿದ್ದು ಸಿಮೆಂಟ್ ತುಂಬಬೇಕಾಯಿತು. ಇಪ್ಪತ್ತು ಹಾಲುಹಲ್ಲುಗಳ ಲೆಕ್ಕದಲ್ಲಿ ಇದೂ ಒಂದು ಎಂದುಕೊಂಡು ತಂದೆತಾಯಿಯರು ಬಿಟ್ಟುಬಿಡುವ ಹಲ್ಲು ಇದು. ಇದು ಬಿದ್ದರೆ ಮತ್ತೆ ಬರುವುದಿಲ್ಲ. ಮೂಡಿ ಪೂರ್ತಿ ಹೊರಬಂದ ಕೂಡಲೇ ಅದರ ಗುಳಿಗಳನ್ನು ಮುಚ್ಚುವ ತೆಳು ಲೇಪ, ಅಂದರೆ ಸೀಲೆಂಟ್ ಹಚ್ಚಿಸಿ; ಕೊರೆಯುವುದಿಲ್ಲ, ನೋವಿಲ್ಲ.

‘ಹಾಲುಹಲ್ಲು ತಾನೆ, ಬಿದ್ದೋಗುತ್ತೆ ಬಿಡಿ’ ಎನ್ನುವವರಿಗೆ ಒಂದು ಮಾತು: ಹಾಲಿನ ದವಡೆ ಹಲ್ಲು ಉದುರುವುದು ಹತ್ತರಿಂದ ಹನ್ನೆರಡನೇ ವಯಸ್ಸಿಗೆ. ಐದು ವರ್ಷಕ್ಕೆ ಹುಳುಕಾದದ್ದನ್ನು ಹಾಗೇ ಬಿಟ್ಟರೆ ಮಗು ಐದರಿಂದ ಏಳು ವರ್ಷ ಒಂದೇ ಕಡೆ ಅಗಿಯಬೇಕು, ಕೀವಾದರೆ ಕೆಳಗೆ ಬೆಳೆಯುತ್ತಿರುವ ಹಲ್ಲಿಗೂ ಹಾನಿ. ಕಿತ್ತರೆ ಪಕ್ಕದ ಹಲ್ಲು ವಾಲಿ ಜಾಗ ಮುಚ್ಚಿಹೋಗುತ್ತದೆ, ಹೊಸ ಹಲ್ಲು ಸೊಟ್ಟಗೆ ಬರುತ್ತದೆ. ಆದ್ದರಿಂದ ಸಿಮೆಂಟ್, ನರದ ಚಿಕಿತ್ಸೆ, ಕ್ಯಾಪ್ ಇವು ಹಾಲುಹಲ್ಲಿಗೂ ಉಂಟು. ಕೀಳಲೇಬೇಕಾದರೆ ಜಾಗ ಕಾಯುವ ತಂತಿಯನ್ನು ಕೂರಿಸುತ್ತಾರೆ. ಖರ್ಚಿಗೆ ಹೆದರುವವರು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ, ಅಥವಾ ತುಮಕೂರಿನ ಅಗಳಕೋಟೆಯಲ್ಲಿರುವ ಸಿದ್ಧಾರ್ಥ ದಂತ ಕಾಲೇಜು, ಕೆಜಿಎಫ್‌ನ ದಂತ ಕಾಲೇಜುಗಳಿಗೆ ಹೋಗಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕು. ಅವರು ಹಲ್ಲನ್ನೂ ನೋಡಿ ಚೀಟಿ ಬರೆದುಕೊಡುತ್ತಾರೆ, ಆ ಚೀಟಿ ಶಾಲೆಯ ಚೀಲದಲ್ಲೇ ಮುದುಡಿ ಉಳಿಯದಂತೆ ನೋಡಿಕೊಳ್ಳಿ. ಕೆನ್ನೆ ಊದಿ ಜ್ವರ ಬಂದಿದ್ದರೆ ನಾಳೆಗೆ ಕಾಯಬೇಡಿ, ಅಂದೇ ತೋರಿಸಿ.

ಪೆಟ್ಟು ಬಿದ್ದು ಹಲ್ಲು ಉದುರಿದರೆ

ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ಪದ್ಧತಿ ನಮ್ಮಲ್ಲಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಬಡ್ಡಿ ಆಡುವಾಗ ಮುಂದಿನ ಶಾಶ್ವತ ಹಲ್ಲು ಬುಡಸಮೇತ ಕಿತ್ತುಬಂದ ಹತ್ತು ವರ್ಷದ ಹುಡುಗನನ್ನು ಕರೆತಂದ ತಾತನವರನ್ನು ‘ಹಲ್ಲೆಲ್ಲಿ ತಾತ?’ ಎಂದು ಕೇಳಿದಾಗ, ಅವರು ಮಾಳಿಗೆಯ ಕಡೆ ಕೈ ಬೀಸಿದ್ದನ್ನು ನೋಡಿದ್ದೇನೆ. ಹಾಲುಹಲ್ಲು ಉದುರಿದರೆ ಮತ್ತೆ ಕೂರಿಸಲು ಹೋಗಬಾರದು. ಶಾಶ್ವತ ಹಲ್ಲಾದರೆ ಅದನ್ನು ಬೇರು ಮುಟ್ಟದೆ ಬಿಳಿಯ ಭಾಗದಲ್ಲಿ ಹಿಡಿದು, ಮಣ್ಣಾಗಿದ್ದರೆ ಹತ್ತು ಸೆಕೆಂಡು ನೀರಿನಲ್ಲಿ ತೊಳೆದು, ಉಜ್ಜದೆ ಒರೆಸದೆ, ಸಾಧ್ಯವಾದರೆ ಅದು ಕಿತ್ತುಬಂದ ಗೂಡಿಗೇ ಮೆಲ್ಲಗೆ ಕೂರಿಸಿ ಬಟ್ಟೆ ಕಚ್ಚಿಸಿ. ಧೈರ್ಯ ಸಾಲದಿದ್ದರೆ ಒಂದು ಲೋಟ ಕಾಯಿಸದ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆ, ತಪ್ಪಿದರೆ ಒಂದು ಗಂಟೆಯೊಳಗೆ ದಂತವೈದ್ಯರ ಬಳಿಗೆ ಬನ್ನಿ. ಊರೂರಿಗೆ ಡೇರಿ ಇರುವ ನಮ್ಮ ಜಿಲ್ಲೆಗಳಲ್ಲಿ ಒಂದು ಲೋಟ ಹಾಲಿಗೆ ಯಾರೂ ಇಲ್ಲವೆನ್ನುವುದಿಲ್ಲ.